ಬದುಕಿರುವವರ ಹೆಸರು

ನನ್ನ ಕೆಲಸ ಕೂಗುವುದು.
ಹೊಗಳಲು ಹೋತೃ ಇದ್ದಾನೆ, ಹಾಡಲು ನನ್ನ ಸೋದರಮಾವ,
ಅಳೆದು ಕೊಯ್ದು ಸುರಿಯಲು ಅಧ್ವರ್ಯು.
ನಾನು, ವೇದಿ ಗುಡಿಸಿದ ಕಸ ಒಟ್ಟಿದ ದಿಬ್ಬದ ಮೇಲೆ ನಿಂತು
ಇಂದ್ರನನ್ನು ಕರೆಯಬೇಕು,
ನೆಂಟನಿಗೆ ಹೇಳಿಕಳಿಸುವ ಹಾಗೆ, ದಿನ ಎಣಿಸಿ:
ಇನ್ನು ಮೂರು ದಿನಕ್ಕೆ ಬಾ.
ಇನ್ನೆರಡು ದಿನಕ್ಕೆ ಬಾ.
ನಾಳೆ.

ಆಗ ನನಗೆ ಹದಿನಾಲ್ಕು. ದನಿ ಒಡೆಯುತ್ತಿದ್ದ ಕಾಲ;
ಹೋರಿಯಂತೆ ಹೊರಟದ್ದು ನಡುವೆ ಮೇಕೆಯಾಗುತ್ತಿತ್ತು.
ಸದಾನೀರೆಯ ಈಚೆ ದಡ. ಮಂಜು ಕರಗಿ ಬಂದ ನೀರಿಗೆ
ಕಾಲಿಟ್ಟರೆ ಮೂಳೆ ನೋಯುತ್ತಿತ್ತು.
ಆಚೆಗೆ ಜೊಂಡು, ಜವುಗು, ನಮ್ಮ ಬೆಂಕಿ ಮುಟ್ಟದ ಕಾಡು.

ಯಜಮಾನ ದೃಢಶ್ರವ ವ್ರತದಲ್ಲಿದ್ದ.
ಮೊದಲ ದಿನ ಹಸುವಿನ ಮೂರು ಮೊಲೆಯ ಹಾಲು,
ಮರುದಿನ ಎರಡರದು, ಆಮೇಲೆ ಒಂದೇ ಒಂದರದು.
ನನ್ನ ಲೆಕ್ಕವೂ ಅವನ ಹಸಿವಿನ ಲೆಕ್ಕವೂ
ಜೊತೆಜೊತೆಗೇ ಇಳಿಯುತ್ತಿದ್ದವು.
ಬೆನ್ನು ಕೆರೆದರೂ ಬೆರಳು ತಾಗಿಸುವಂತಿಲ್ಲ, ಜಿಂಕೆಕೊಂಬು.

ನಾಳೆ ಎಂದು ಕೂಗುವ ಸಂಜೆ ಮನೆತನವೂ ಸೇರಬೇಕು:
ಇಂಥವನ ಮಗ, ಇಂಥವನ ಮೊಮ್ಮಗ,
ಇಂಥಿಂಥವರ ತಂದೆ ನಾಳೆ ಸೋಮ ಹಿಂಡುತ್ತಾನೆ ಎಂದು.
ಮಕ್ಕಳಲ್ಲಿ ಬದುಕಿರುವವರು ಮಾತ್ರ;
ಹೆಣ್ಣಾಗಲಿ ಗಂಡಾಗಲಿ, ಹಿರಿಯರು ಮೊದಲು.
ಮಾವ ಕಿವಿ ಹಿಂಡಿ ಕಲಿಸಿದ್ದ ಕಟ್ಟಳೆ.

ಹೆಸರು ಕೊಡಿ ಎಂದೆ.
"ಶ್ಯಾಮಿ. ಊರ್ಜೆ. ಬಭ್ರುಕ," ಎಂದ ದೃಢಶ್ರವ.
ಹುಲ್ಲುಹಗ್ಗದ ನಡುಕಟ್ಟು ಬಿಗಿದು ಕೂತಿದ್ದ ಭಾಲ್ಲವಿ,
ತಲೆಯೆತ್ತದೆ, "ಶ್ರುತರಥ," ಎಂದಳು.
"ಮೊದಲು ಶ್ರುತರಥ."

ಮೂರು ಮಳೆಗಾಲದ ಹಿಂದೆ ನಲವತ್ತು ದನ ಹೊಡೆದುಕೊಂಡು
ಹೊಳೆ ದಾಟಿದವನು. ಕುದುರೆಯೊಂದೇ ಮರಳಿತ್ತು.
ಬಿದ್ದವನ ಕುದುರೆ ಹಗ್ಗವನ್ನು ನೆಲದಲ್ಲಿ ಎಳೆದುಕೊಂಡು ಬರುತ್ತದೆ,
ಇದರ ಹಗ್ಗವನ್ನು ಯಾರೋ ಸುತ್ತಿ, ಕೊರಳಿಗೆ ಗಂಟು ಹಾಕಿದ್ದರು.
"ಬೆರಳಿರುವವರು ಹಾಕಿದ ಗಂಟು," ಎಂದಳು ತಾಯಿ.
"ಕೊಂದವರಿಗೂ ಬೆರಳಿರುತ್ತವೆ," ಎಂದ ಅವನು.
ಇಬ್ಬರೂ ಈ ಮಾತನ್ನು ಎಷ್ಟು ಸಲ ಆಡಿದ್ದರೋ,
ಉಪ್ಪು ಎಲ್ಲಿದೆ ಎಂದು ಕೇಳಿದಷ್ಟು ಮೆಲ್ಲಗೆ ಆಡಿದರು.

ಮಾವನ ಮುಖ ನೋಡಿದೆ. ಮಾವ ಹೊಳೆ ನೋಡಿದ.

ದಿಬ್ಬ ಹತ್ತಿದೆ. ಕಾಲಡಿ ಬೂದಿ, ದರ್ಭೆಯ ಚೂರು.
ಬಾ ಎಂದೆ, ಬಂಗಾರದ ಕುದುರೆಗಳವನೇ ಬಾ ಎಂದೆ.
ಅಜ್ಜ, ಮುತ್ತಜ್ಜ ಸರಾಗ ಬಂದರು; ಸತ್ತವರು ಯಾವತ್ತೂ ಸಲೀಸು.
ಆಮೇಲೆ ಉಸಿರು ಎಳೆದುಕೊಳ್ಳಬೇಕಾದ ಜಾಗ.
ಎಳೆದುಕೊಂಡೆ.
ಅಷ್ಟರೊಳಗೆ ಒಬ್ಬ ಮನುಷ್ಯ ಸಾಯಬಹುದು, ಹುಟ್ಟಬಹುದು.
ಶ್ರುತರಥನ, ಎಂದೆ. ದನಿ ಒಡೆಯಲಿಲ್ಲ.
ಶ್ಯಾಮಿಯಲ್ಲಿ ಒಡೆಯಿತು. ಹುಡುಗರು ನಕ್ಕರು.

ದೃಢಶ್ರವನ ಮುಷ್ಟಿ ಬಿಗಿದದ್ದು ಬಿಗಿದೇ ಇತ್ತು.
ರಾತ್ರಿ ಮಾವ ಒಂದು ಸೌಟು ತುಪ್ಪ ತಂದು
ತಪ್ಪಿಗೆ ಇದು, ಎಂದು ಬೆಂಕಿಗೆ ಹಾಕಿಸಿದ.
ಯಾವ ತಪ್ಪಿಗೆ? ಸತ್ತವನನ್ನು ನಾನು ಕರೆದದ್ದಕ್ಕೋ,
ಇರುವವನನ್ನು ತಂದೆ ಬಿಟ್ಟದ್ದಕ್ಕೋ?
ತುಪ್ಪ ಚಟಪಟ ಎಂದಿತು. ಮಾವ ಮಲಗಿದ.

ಇಂದ್ರ ಬಂದನೇ ಎಂದು ಕೇಳಬೇಡಿ. ಸೋಮ ಹಿಂಡಿದರು,
ಕುಡಿದರು, ಹುಲ್ಲಿನ ಚಪ್ಪರ ಸುಟ್ಟು ಹೊರಟರು.
ದಕ್ಷಿಣೆಯ ಹೊತ್ತಿಗೆ ಯಜಮಾನ ನನ್ನನ್ನು ಕರೆದು
ಆ ಕುದುರೆಯನ್ನೇ ಕೊಟ್ಟ, ಕಣ್ಣಿಗೆ ಕಣ್ಣು ಕೊಡದೆ.
ಭಾಲ್ಲವಿ ಕೊರಳ ಹಗ್ಗ ಬಿಚ್ಚಿ, ಅದೇ ಗಂಟನ್ನು ಮತ್ತೆ ಹಾಕಿ,
ಹೇಗೆ ಎಂದು ನನಗೆ ಎರಡು ಸಲ ತೋರಿಸಿದಳು.

ಅದಕ್ಕೀಗ ವಯಸ್ಸಾಗಿದೆ. ಹಲ್ಲು ಸವೆದಿವೆ.
ಯಾವ ದಾರಿಗೂ ಬರುತ್ತದೆ, ಹೊರೆ ಹೊರುತ್ತದೆ,
ಮಕ್ಕಳು ಬಾಲ ಎಳೆದರೂ ಸುಮ್ಮನಿರುತ್ತದೆ.
ಸದಾನೀರೆಯ ದಡಕ್ಕೆ ಮಾತ್ರ ಒಯ್ಯಬಾರದು.
ನೀರಿಗೆ ಕಾಲಿಡುವುದಿಲ್ಲ, ಹಿಂದಕ್ಕೂ ಬರುವುದಿಲ್ಲ.